ಸಮುದ್ರವಿಲ್ಲದ ಊರಿಗೆ ಸೈಕ್ಲೋನ್ ಬಂದರೆ...

ಎಂಟನೆಯ ತರಗತಿಗೆ 'ಬಲ ಮತ್ತು ಒತ್ತಡ' ಪಾಠ ಮಾಡುತ್ತಿದ್ದೆ. 2024ರ ನವೆಂಬರ್ ತಿಂಗಳ ಕೊನೆಯ ಶುಕ್ರವಾರ. ಬಂಗಾಳ ಕೊಲ್ಲಿಯಲ್ಲಿ 'ಫೆಂಗಲ್' ಚಂಡಮಾರುತ ಎದ್ದಿದೆ, ಪುದುಚೇರಿಯ ಕಡೆ ಬರುತ್ತಿದೆ ಎಂದು ಟಿ.ವಿ.ಯವರು ಹಗಲೂ ರಾತ್ರಿ ಹೇಳುತ್ತಿದ್ದ ಹೊತ್ತು. ಗಾಳಿಯ ಒತ್ತಡದ ಮಾತು ಬಂದಿದ್ದರಿಂದ ಬೋರ್ಡಿನ ಮೇಲೆ ಚಂಡಮಾರುತದ ಸುಳಿ ಬರೆದು ತೋರಿಸಿದೆ. ಮೂರನೆಯ ಸಾಲಿನಲ್ಲಿ ಕೂತಿದ್ದ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಸಾರ್, ಸೈಕ್ಲೋನ್ ನಮ್ಮ ಕಡಿಗೆ ಬಂದ್ರ ನಾವು ಎಲ್ಲಿಗೆ ಹೋಗ್ಬೇಕು?"

ಇಡೀ ತರಗತಿ ಗೊಳ್ಳೆಂದು ನಕ್ಕಿತು. "ಕೂಡ್ಲಿಗಿಗೆ ಎಲ್ಲೈತಲೇ ಸಮುದ್ರ?" ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ. ಹುಡುಗಿ ನಾಚಿ ಕುಳಿತಳು. ನಾನೂ ನಕ್ಕುಬಿಟ್ಟೆ. ಆದರೆ ಸಂಜೆ ಮನೆಗೆ ಬಂದು ಕೈಕಾಲು ತೊಳೆಯುವಾಗ ಆ ನಗುವಿಗೆ ನನಗೇ ನಾಚಿಕೆಯಾಯಿತು. 2009ರ ಅಕ್ಟೋಬರ್ ಒಂದರ ರಾತ್ರಿ ನಮ್ಮವ್ವನನ್ನು ಕೈಹಿಡಿದು ಹೊರಗೆ ಕರೆತಂದವನು ನಾನೇ ಅಲ್ಲವೆ? ಅಂಥವನೇ ನಕ್ಕರೆ ಮಕ್ಕಳು ನಗದೆ ಇನ್ನೇನು ಮಾಡಿಯಾರು?

ಮಾರನೆಯ ದಿನ ಶನಿವಾರ, ಬೆಳಗಿನ ಶಾಲೆ. ಮುಗಿಸಿಕೊಂಡು ಒಂದು ಬ್ಯಾಗಿಗೆ ಟವೆಲು, ನೋಟ್‌ಬುಕ್ಕು ಹಾಕಿಕೊಂಡೆ. ಕೊಟ್ಟೂರು, ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ ಸುತ್ತಿ ಭಾನುವಾರ ರಾತ್ರಿಯೊಳಗೆ ಕೂಡ್ಲಿಗಿಗೆ ವಾಪಸ್ಸು ಎಂದು ಲೆಕ್ಕ. ಹುಟ್ಟಿದಾಗಿನಿಂದ ಓಡಾಡಿದ ದಾರಿಗಳೇ. ಈ ಸಲ ಮಾತ್ರ ಒಂದೇ ಪ್ರಶ್ನೆ ಇಟ್ಟುಕೊಂಡು ಹೊರಟೆ: ಮಳೆ ಹಿಡಿದು ಬಿಡದಿದ್ದರೆ ಈ ಊರುಗಳ ಜನ ಎಲ್ಲಿಗೆ ಹೋಗುತ್ತಾರೆ?

ಡೀಸೆಲ್ ಮುಗಿದ ಲಾರಿ

ಕೂಡ್ಲಿಗಿ ಎಂದರೆ ಗಾಂಧೀಜಿಯ ಚಿತಾಭಸ್ಮವಿರುವ ಹುತಾತ್ಮರ ಸ್ಮಾರಕ, ಹೆದ್ದಾರಿಯ ಲಾರಿಗಳು, ಗುಡೇಕೋಟೆ ಕಡೆಯ ಬಂಡೆಗುಡ್ಡ ಮತ್ತು ಕರಡಿ. ನೆಲ್ಲೂರಿನ ಕಡಲು ಇಲ್ಲಿಂದ ನೇರ ಅಳತೆಯಲ್ಲಿ ಸುಮಾರು 400 ಕಿ.ಮೀ. ದೂರ. ಪಶ್ಚಿಮದ ಕಡಲು ಅದಕ್ಕಿಂತ ಹತ್ತಿರವೇನೋ ಹೌದು, ಆದರೆ ನಡುವೆ ಸಹ್ಯಾದ್ರಿ ಗೋಡೆಯಂತೆ ನಿಂತಿದೆ. ನಮ್ಮ ನೆಲ ಸಮುದ್ರ ಮಟ್ಟಕ್ಕಿಂತ ಸುಮಾರು 500 ಮೀಟರ್ ಎತ್ತರದಲ್ಲಿದೆ. ಹಾಗಾದರೆ ಹೆದರಿಕೆ ಯಾಕೆ?

ಅಮೆರಿಕದವರು ಹರಿಕೇನ್ ಎನ್ನುವುದು, ಜಪಾನಿನ ಕಡೆ ಟೈಫೂನ್ ಎನ್ನುವುದು, ನಾವು ಚಂಡಮಾರುತ ಎನ್ನುವುದು ಎಲ್ಲ ಒಂದೇ ಜಾತಿ. ಬೆಚ್ಚಗಿನ ಕಡಲ ನೀರು ಆವಿಯಾಗಿ ಮೇಲೇರಿ, ಮೋಡವಾಗಿ ತಣಿಯುವಾಗ ಬಿಡುವ ಶಾಖವೇ ಅದರ ಇಂಧನ. ಕಡಲ ನೀರು ಸುಮಾರು 26-27 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿರಬೇಕು. ಗಾಳಿಯ ವೇಗ ಗಂಟೆಗೆ 62 ಕಿ.ಮೀ. ದಾಟಿದರೆ ನಮ್ಮ ಹವಾಮಾನ ಇಲಾಖೆ ಅದನ್ನು ಚಂಡಮಾರುತ ಎಂದು ಕರೆಯುತ್ತದೆ, ಅದಕ್ಕೊಂದು ಹೆಸರು ಸಿಗುತ್ತದೆ. ಅದಕ್ಕಿಂತ ಕಡಿಮೆಯಾದರೆ ವಾಯುಭಾರ ಕುಸಿತ. ಅದಕ್ಕೆ ಹೆಸರಿಲ್ಲ.

ನೆಲ ಮುಟ್ಟಿದ ಕೂಡಲೆ ಚಂಡಮಾರುತಕ್ಕೆ ಇಂಧನ ನಿಲ್ಲುತ್ತದೆ. ನಮ್ಮ ಹೆದ್ದಾರಿಯಲ್ಲಿ ಡೀಸೆಲ್ ಮುಗಿದ ಲಾರಿಯನ್ನು ನೆನೆಯಿರಿ. ಎಂಜಿನ್ ಬಂದ್ ಆದರೂ ಸ್ವಲ್ಪ ದೂರ ಉರುಳುತ್ತದೆ, ಮತ್ತು ಅದರ ಮೇಲಿನ ಹೊರೆ ಹಾಗೆಯೇ ಇರುತ್ತದೆ. ಇಲ್ಲಿ ಹೊರೆ ಎಂದರೆ ನೀರು. 2012ರ ಅಕ್ಟೋಬರ್ 31ರಂದು ಮಹಾಬಲಿಪುರದ ಬಳಿ ನೆಲ ಮುಟ್ಟಿದ 'ನೀಲಂ' ರಾಯಲಸೀಮೆಯ ಮೇಲೆ ಬಂದು ಸೊರಗಿತು. 2016ರ ಡಿಸೆಂಬರ್ 12ರಂದು ಚೆನ್ನೈಗೆ ಬಡಿದ 'ವರ್ದಾ' ದುರ್ಬಲಗೊಂಡು ಕರ್ನಾಟಕದ ಮೇಲೆ ಹಾದು ಅರಬ್ಬಿ ಸಮುದ್ರಕ್ಕೆ ಇಳಿಯಿತು. ಗಾಳಿ ಕರಾವಳಿಯಲ್ಲೇ ಉಳಿದರೂ ಹೊರೆ ಒಳನಾಡಿನವರೆಗೂ ಬರುತ್ತದೆ. ನಮ್ಮ ರೈತರು ಇದನ್ನು ಎಂದೋ ತಿಳಿದಿದ್ದಾರೆ. ಗಾಳಿಯ ಸುಳಿವೂ ಇಲ್ಲದ ಜಡಿಮಳೆಗೆ "ಸೈಕ್ಲೋನ್ ಹಿಡದೈತಿ" ಎನ್ನುತ್ತಾರಲ್ಲ, ಆ ಮಾತಿನಲ್ಲಿ ವಿಜ್ಞಾನವಿದೆ.

ಕೊಟ್ಟೂರಿನ ಹಾದಿ

ಕೊಟ್ಟೂರಿಗೆ ಹೋಗುವ ದಾರಿಯುದ್ದಕ್ಕೂ ಮೆಕ್ಕೆಜೋಳ ಒಣಹಾಕಿದ್ದರು. ಅರ್ಧ ರಸ್ತೆ ಬಸ್ಸಿಗೆ, ಅರ್ಧ ರಸ್ತೆ ಜೋಳಕ್ಕೆ. ಮೇಲೆ ಮೋಡ ಮುಸುಕಿತ್ತು, ತಣ್ಣನೆಯ ಗಾಳಿ ಬೀಸುತ್ತಿತ್ತು. ರಾಶಿಯ ಪಕ್ಕ ತಾಡಪಾಲು ಮಡಚಿಟ್ಟುಕೊಂಡು ಕುಳಿತಿದ್ದ ರೈತರೊಬ್ಬರು ಮೊಬೈಲ್ ನೋಡುತ್ತಿದ್ದರು. ಬಸ್ಸು ಅಲ್ಲೇ ನಿಂತಾಗ ಕಿಟಕಿಯಿಂದ ಕೇಳಿದೆ:

"ಏನ್ರೀ ಯಜಮಾನ್ರೇ, ಮಳಿ ಬರತೈತೇನು?"

"ತಮಿಳುನಾಡಿಗೆ ಅಂತಾರ್ರೀ. ಅಲ್ಲಿಗೆ ಬಂದ್ರ ನಮ್ ಜೋಳಕ್ಕೂ ಬಂತು ಅಂತ್ಲೇ ಲೆಕ್ಕ."

ಜೋಳಕ್ಕೆ ತಾಡಪಾಲು ಸಿದ್ಧವಾಗಿದೆ. ಮನೆಯಲ್ಲಿರುವ ಮುದುಕರಿಗೆ ಏನು ಸಿದ್ಧವಾಗಿದೆ ಎಂದು ಕೇಳಬೇಕೆಂದಿದ್ದೆ, ಅಷ್ಟರಲ್ಲಿ ಬಸ್ಸು ಹೊರಟಿತು.

ಕೊಟ್ಟೂರಿನಲ್ಲಿ ಇಳಿದು ಮಂಡಕ್ಕಿ ಮೆಣಸಿನಕಾಯಿ ತಿನ್ನದೆ ಮುಂದೆ ಹೋಗುವಂತಿಲ್ಲ. ತಿನ್ನುತ್ತ ತೇರುಬೀದಿಯ ಕಡೆ ನಡೆದೆ. 2017ರ ಫೆಬ್ರುವರಿಯಲ್ಲಿ ಗುರು ಕೊಟ್ಟೂರೇಶ್ವರನ ತೇರು ಉರುಳಿಬಿದ್ದ ದಿನ ಈ ಬೀದಿಯಲ್ಲಿ ಸೇರಿದ್ದ ಜನರನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ. ಗಾಯಗೊಂಡವರಿದ್ದರು. ಆದರೆ ಆ ಜನಸಾಗರ ಎಷ್ಟಿತ್ತೆಂದರೆ, ಇನ್ನೂ ಎಷ್ಟು ದೊಡ್ಡ ಅನಾಹುತ ಆಗಬಹುದಿತ್ತು ಎಂದು ಎಣಿಸಲಿಕ್ಕೂ ಭಯವಾಗುತ್ತದೆ.

ಕೊಟ್ಟೂರು ನನಗೆ ಇನ್ನೊಂದು ಪಾಠವನ್ನೂ ಹೇಳಿತು. ತೇರಿಗೆ ದಾವಣಗೆರೆ ಕಡೆಯಿಂದ, ಸುತ್ತಲಿನ ನೂರಾರು ಹಳ್ಳಿಗಳಿಂದ ಜನ ಪಾದಯಾತ್ರೆಯಲ್ಲಿ ಬರುತ್ತಾರೆ. ದಾರಿಯ ಹಳ್ಳಿಗಳವರು ಅನ್ನ-ಸಾರು, ಮಜ್ಜಿಗೆ, ಹಣ್ಣು ಹಿಡಿದು ಕಾಯುತ್ತಾರೆ. ಶಾಲೆಯ ಅಂಗಳ, ಮಠ, ಗುಡಿಯ ಪೌಳಿ, ಯಾರದೋ ಕಣ, ಎಲ್ಲೆಂದರಲ್ಲಿ ಮಲಗಲು ಜಾಗ. ಕಾಲಿಗೆ ಗುಳ್ಳೆ ಬಂದವರಿಗೆ ಎಣ್ಣೆ ಹಚ್ಚುವವರೂ ಉಂಟು. ಸಾವಿರಾರು ಜನರನ್ನು ನಡೆಸುವುದು, ಉಣಿಸುವುದು, ಮಲಗಿಸುವುದು. ಸರ್ಕಾರದ ಭಾಷೆಯಲ್ಲಿ ಇದಕ್ಕೆ ವಿಪತ್ತು ನಿರ್ವಹಣೆ ಎಂಬ ದೊಡ್ಡ ಹೆಸರಿದೆ. ನಮ್ಮ ಜನ ಅದನ್ನು ಭಕ್ತಿಯಿಂದ ಪ್ರತಿವರ್ಷ ಮಾಡುತ್ತಿದ್ದಾರೆ. ಕೈ ಪಳಗಿದೆ, ಮನಸ್ಸೂ ಇದೆ. ಆ ಕೆಲಸಕ್ಕೆ ಮಳೆಗಾಲದ ಒಂದು ರಾತ್ರಿಯ ಪಟ್ಟಿಯನ್ನು ಜೋಡಿಸಬೇಕು, ಅಷ್ಟೆ.

ಹರಪನಹಳ್ಳಿಯ ಅಜ್ಜಿ

ಹರಪನಹಳ್ಳಿ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆಗೆ ಹೋಯಿತು. 2018ರಲ್ಲಿ ತಿರುಗಿ ಬಳ್ಳಾರಿಗೆ ಬಂತು. 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಒಂದು ಕಟ್ಟಡದ ಗೋಡೆಯ ಮೇಲೆ ತುರ್ತು ಕರೆಯ ದೂರವಾಣಿ ಸಂಖ್ಯೆಗಳನ್ನು ಬರೆಸಿದ್ದರು, ಹಳೆಯ ಜಿಲ್ಲೆಯವು! ಮಳೆಗೆ ಜಿಲ್ಲೆಯ ಗಡಿ ಗೊತ್ತಿಲ್ಲ ನಿಜ. ಫೋನು ಎತ್ತುವವರಿಗೆ ಗೊತ್ತಿರುತ್ತದೆ. ಜಿಲ್ಲಾ ನಿಯಂತ್ರಣ ಕೊಠಡಿಯ 1077 ಮತ್ತು ತುರ್ತು ಸೇವೆಯ 112, ಇವೆರಡನ್ನು ಮಕ್ಕಳು ಬಾಯಿಪಾಠ ಮಾಡಿದರೆ ಗೋಡೆಯನ್ನು ನಂಬುವ ಕಷ್ಟವಿಲ್ಲ.

ಈ ತಾಲ್ಲೂಕಿಗೆ ಎರಡು ಮುಖ. ಪಶ್ಚಿಮದ ಅಂಚಿನಲ್ಲಿ ತುಂಗಭದ್ರೆ. ಹಲುವಾಗಲು, ಗರ್ಭಗುಡಿ ಕಡೆಯ ಹೊಳೆಸಾಲಿನ ಹಳ್ಳಿಗಳಿಗೆ ನೀರು ನುಗ್ಗುವುದು ಗೊತ್ತು. ಉಳಿದ ಕಡೆ ಒಣನೆಲ, ಮಳೆಯನ್ನೇ ನಂಬಿದ ಹೊಲ, ತಾಂಡಾಗಳು. ಬಸ್ ನಿಲ್ದಾಣದಲ್ಲಿ ಇಬ್ಬರು ಮೊಮ್ಮಕ್ಕಳನ್ನು ಕಟ್ಟಿಕೊಂಡು ಕುಳಿತಿದ್ದ ತಾಂಡಾದ ಅಜ್ಜಿಯೊಬ್ಬಳು ಮಾತಿಗೆ ಸಿಕ್ಕಳು. ಮಗ-ಸೊಸೆ ದೀಪಾವಳಿ ಮುಗಿಸಿ ಕಾಫಿ ಸೀಮೆಗೆ ದುಡಿಯಲು ಹೋಗಿದ್ದಾರೆ. ಮನೆಯಲ್ಲಿ ಅವಳು, ಮೊಮ್ಮಕ್ಕಳು, ಆಡುಗಳು.

"ಮಳಿ ಹಿಡದು ಮನಿ ಸೋರಾಕ ಹತ್ತಿದ್ರ ಎಲ್ಲಿಗೆ ಹೋಗ್ತಿ ಅಜ್ಜಿ?"

"ಎಲ್ಲಿಗೆ ಹೋಗ್ಲಿ ಯಪ್ಪಾ, ಆಡು ಅದಾವಲ್ಲ" ಎಂದಳು. ಪ್ರಶ್ನೆಯೇ ತಪ್ಪು ಎಂಬಂತೆ ನನ್ನನ್ನು ನೋಡಿದಳು.

ನೋಟ್‌ಬುಕ್ಕಿನಲ್ಲಿ ಅಂದು ಬರೆದ ಮುಖ್ಯ ಸಾಲು ಇದು: ಬಂಗಾಳ ಕೊಲ್ಲಿಯ ಚಂಡಮಾರುತಗಳ ಕಾಲ ಅಕ್ಟೋಬರಿನಿಂದ ಡಿಸೆಂಬರ್. ನಮ್ಮ ತಾಂಡಾಗಳ ಜನ ಗುಳೆ ಹೋಗುವ ಕಾಲವೂ ಅದೇ. ಗಟ್ಟಿ ತೋಳುಗಳು ಊರಲ್ಲಿಲ್ಲದ ಹೊತ್ತಿನಲ್ಲೇ ಈ ಮಳೆ ಬರುತ್ತದೆ. ಊರಿನಲ್ಲಿ ಎಷ್ಟು ಮನೆಗಳಿವೆ ಎಂಬ ಲೆಕ್ಕ ಪಂಚಾಯ್ತಿಯಲ್ಲಿ ಸಿಗುತ್ತದೆ. ಈ ತಿಂಗಳು ಯಾವ ಮನೆಯಲ್ಲಿ ಬರೀ ಮುದುಕರು-ಮಕ್ಕಳು ಇದ್ದಾರೆ ಎಂಬುದನ್ನು ಶಾಲೆಯ ಮಕ್ಕಳೇ ಹೇಳಬೇಕು.

ಹೇಳಿ ಬರುವ ನೀರು, ಹೇಳದೆ ಬರುವ ನೀರು

ರಾತ್ರಿ ಹೂವಿನಹಡಗಲಿಯ ಬೀಗರ ಮನೆಯಲ್ಲಿ ತಂಗಿದೆ. ಬೆಳಿಗ್ಗೆ ಎದ್ದಾಗ ಸುದ್ದಿ: ಶನಿವಾರ ರಾತ್ರಿ ಫೆಂಗಲ್ ಪುದುಚೇರಿಯ ಹತ್ತಿರ ನೆಲ ಮುಟ್ಟಿದೆ, ಅಲ್ಲಿ ಮಳೆ ಹುಯ್ಯುತ್ತಿದೆ. ಹಡಗಲಿಯ ಮಲ್ಲಿಗೆಗೆ ಮಾತ್ರ ಅದರ ಪರಿವೆ ಇರಲಿಲ್ಲ.

ಮದಲಗಟ್ಟಿಯ ಆಂಜನೇಯನ ಗುಡಿಯ ಹತ್ತಿರ ಹೊಳೆಯ ದಂಡೆಯಲ್ಲಿ ನಿಂತೆ. ತುಂಗಭದ್ರೆ ಶಾಂತವಾಗಿದ್ದಳು. ಈ ಹೊಳೆಗೆ ಪ್ರವಾಹ ಬರುವುದು ಹೆಚ್ಚಾಗಿ ಜುಲೈ-ಆಗಸ್ಟ್‌ನಲ್ಲಿ, ಮಲೆನಾಡಿನ ಮಳೆಗೆ. ಗಾಜನೂರಿನಲ್ಲಿ ಗೇಟು ಎತ್ತಿದರೆಂಬ ಸುದ್ದಿ ರೇಡಿಯೊ, ಪೇಪರು, ಮೊಬೈಲುಗಳಲ್ಲಿ ನೀರಿಗಿಂತ ಮೊದಲೇ ಇಲ್ಲಿಗೆ ಮುಟ್ಟುತ್ತದೆ. ನೀರು ಬರಲು ಗಂಟೆಗಟ್ಟಲೆ ಬೇಕು. ಡಂಗುರ ಸಾರಬಹುದು, ದನ ಬಿಚ್ಚಬಹುದು, ಪಂಪ್‌ಸೆಟ್ ಎತ್ತಿಡಬಹುದು. ಇದು ಹೇಳಿ ಬರುವ ನೀರು.

ಚಂಡಮಾರುತದ ಕೊನೆಯ ಹೊರೆ ನಮ್ಮ ತಲೆಯ ಮೇಲೇ ಸುರಿದಾಗ ಹಾಗಲ್ಲ. ಆಗ ತುಂಬುವುದು ನಮ್ಮದೇ ಹಳ್ಳ, ನಮ್ಮದೇ ಕೆರೆ. ಹಳ್ಳಕ್ಕೆ ನೀರು ಬರಲು ಒಂದೆರಡು ಗಂಟೆ ಸಾಕು. ಹಳೆಯ ಕೆರೆಯ ಏರಿಯಲ್ಲಿ ಇಲಿ-ಏಡಿ ಕೊರೆದ ಬಿಲವಿದ್ದರೆ ಅದು ಎಷ್ಟು ಹೊತ್ತಿಗೆ ಬಾಯಿ ಬಿಡುತ್ತದೆಂದು ಯಾರೂ ಹೇಳಲಾರರು. ಇದು ಹೇಳದೆ ಬರುವ ನೀರು.

ಆದರೆ ಪೂರಾ ಹೇಳದೆ ಏನೂ ಬರುವುದಿಲ್ಲ. ಹವಾಮಾನ ಇಲಾಖೆ ನಾಲ್ಕೈದು ದಿನ ಮೊದಲೇ ಹಳದಿ, ಕಿತ್ತಳೆ, ಕೆಂಪು ಎಂದು ಬಣ್ಣ ಕೊಟ್ಟು ಎಚ್ಚರಿಸುತ್ತದೆ. 24 ಗಂಟೆಯಲ್ಲಿ 64.5 ಮಿ.ಮೀ.ಗಿಂತ ಹೆಚ್ಚಾದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.4 ದಾಟಿದರೆ ಅತ್ಯಂತ ಭಾರಿ. ನಮ್ಮಲ್ಲಿ ಇಡೀ ವರ್ಷಕ್ಕೆ ಆಗುವುದೇ 600 ಮಿ.ಮೀ. ಆಸುಪಾಸು. ಅಂದರೆ 'ಅತಿ ಭಾರಿ' ಎಂದರೆ ವರ್ಷದ ಮಳೆಯ ಐದನೆಯ ಒಂದು ಪಾಲು ಒಂದೇ ದಿನ ಬಿದ್ದಂತೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇಟ್ಟಿದೆ. ನಮ್ಮ ಹಳ್ಳಿಯ ಮಳೆಯ ಲೆಕ್ಕ ಬೆಂಗಳೂರಿಗೆ ಗೊತ್ತು, ನಮ್ಮ ಮಕ್ಕಳಿಗೆ ಗೊತ್ತಿಲ್ಲ.

ಹಡಗಲಿ ತಾಲ್ಲೂಕಿನಲ್ಲೇ ಮೈಲಾರವಿದೆ. ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲನ್ನೇರಿ ಕಾರ್ಣಿಕ ನುಡಿಯುತ್ತಾನೆ. ಲಕ್ಷಾಂತರ ಜನ ಸೇರಿರುತ್ತಾರೆ, ಆದರೆ ಆ ಒಂದು ಗಳಿಗೆಯಲ್ಲಿ ಸೂಜಿ ಬಿದ್ದರೂ ಕೇಳಬೇಕು. ಆಮೇಲೆ ಒಂದೇ ಸಾಲಿನ ಆ ನುಡಿಗೆ ಮಳೆ ಹೇಗೆ, ಬೆಳೆ ಹೇಗೆ ಎಂದು ಊರೂರಲ್ಲಿ ಅರ್ಥ ಬಿಡಿಸುತ್ತಾರೆ. ನಂಬಿಕೆಯ ಮಾತು ಅವರವರದು. ನಾನು ಬಯಸುವುದು ಇಷ್ಟೆ: ಮುಂದಾಗುವುದನ್ನು ಉಸಿರು ಬಿಗಿಹಿಡಿದು ಕೇಳುವ ಆ ಕಿವಿಯನ್ನು ಹವಾಮಾನ ವರದಿಗೂ ಕೊಡೋಣ. ಆಮೇಲೆ ಕೂತು ಅರ್ಥ ಬಿಡಿಸೋಣ. "ಕಿತ್ತಳೆ ಅಂದ್ರ ನಮ್ಮ ಓಣಿಗೆ ಏನು?" ಎಂದು.

ಹಗರಿಯ ಮರಳು

ಹಗರಿಬೊಮ್ಮನಹಳ್ಳಿಗೆ ಬಂದಾಗ ಮಧ್ಯಾಹ್ನ ದಾಟಿತ್ತು. ಊರಿಗೆ ಹೆಸರು ಕೊಟ್ಟ ಚಿಕ್ಕಹಗರಿಯೇ ಮಾಲವಿ ಜಲಾಶಯಕ್ಕೂ ನೀರು ಕೊಡಬೇಕಾದ ಹಳ್ಳ. ಬಳ್ಳಾರಿ ಕಡೆಯ ದೊಡ್ಡ ಹಗರಿ, ಅಂದರೆ ವೇದಾವತಿ, ಬೇರೆ. ಬೇಸಿಗೆಯಲ್ಲಿ ಬರೀ ಮರಳಾಗಿ ಮಲಗುವ ಈ ಹಳ್ಳವನ್ನು ಕಂಡವರು ಇದಕ್ಕೆ ಹೆದರುವುದಿಲ್ಲ. ಅಲ್ಲೇ ಅಪಾಯ.

ಹಳ್ಳ ಬಂದಾಗ ಕೆಳಸೇತುವೆಯ ಮೇಲೆ ಮೊಣಕಾಲುದ್ದ ನೀರಿದ್ದರೂ ಬೈಕು, ಕಾರು ನುಗ್ಗಿಸುವವರಿದ್ದಾರೆ. ಹೈಸ್ಕೂಲಿನ ಆರ್ಕಿಮಿಡೀಸ್ ಇಲ್ಲಿ ಉಪಯೋಗಕ್ಕೆ ಬರಬೇಕು. ಸಣ್ಣ ಕಾರಿನ ತಳ ಸುಮಾರು ಐದು ಚದರ ಮೀಟರ್. ತಳ ಮುಟ್ಟಿದ ಮೇಲೆ ನೀರು ಇನ್ನೊಂದು ಅಡಿ ಏರಿದರೆ ಸುಮಾರು ಒಂದೂವರೆ ಟನ್ ನೀರನ್ನು ಕಾರು ಸರಿಸಿದಂತಾಯಿತು. ಕಾರಿನ ತೂಕವೇ ಒಂದು ಟನ್ ಆಸುಪಾಸು. ಚಕ್ರ ನೆಲ ಬಿಟ್ಟಿತು ಎಂದರೆ ಸ್ಟೀರಿಂಗ್ ಹಿಡಿದವನು ಡ್ರೈವರಲ್ಲ, ದೋಣಿಯ ಪ್ರಯಾಣಿಕ. ಹಳ್ಳ ಇಳಿಯುವ ತನಕ ಈಚೆ ದಡದಲ್ಲಿ ಕುಳಿತರೆ ಒಂದು ಹೊತ್ತಿನ ಊಟ ತಪ್ಪಬಹುದು, ಅಷ್ಟೆ.

ತಾಲ್ಲೂಕಿನ ಇನ್ನೊಂದು ಅಂಚಿಗೆ ತುಂಗಭದ್ರಾ ಜಲಾಶಯದ ಹಿನ್ನೀರು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಚೈನು ತುಂಡಾಗಿ ಕೊಚ್ಚಿ ಹೋದಾಗ ದೂರದ ನೆಂಟರು ನಮಗೆಲ್ಲ ಫೋನು ಮಾಡಿ ವಿಚಾರಿಸಿದರು. ಈ ಐದು ತಾಲ್ಲೂಕುಗಳು ಅಣೆಕಟ್ಟಿನ ಮೇಲ್ಭಾಗದಲ್ಲಿವೆ, ಆತಂಕವಿದ್ದದ್ದು ಕೆಳಗಿನವರಿಗೆ. ಹೀಗೆ, ನಮ್ಮ ಊರು ನೀರಿನ ಯಾವ ಕಡೆಗಿದೆ ಎಂದು ತಿಳಿಯುವುದೇ ಯೋಜನೆಯ ಮೊದಲ ಅಕ್ಷರ.

ಊರು ಬಿಡುವ ಅನುಭವ ಈ ಭಾಗಕ್ಕೆ ಹೊಸದಲ್ಲ. 1953ರಲ್ಲಿ ಮುಗಿದ ಆ ಅಣೆಕಟ್ಟಿಗಾಗಿ ಸುಮಾರು ತೊಂಬತ್ತು ಹಳ್ಳಿಗಳ ಜನ ಎದ್ದು ಹೋಗಬೇಕಾಯಿತು. ಮರಿಯಮ್ಮನಹಳ್ಳಿ ಬೆಳೆದದ್ದು ಮುಳುಗಿದ ನಾರಾಯಣದೇವರಕೆರೆಯ ಜನರಿಂದ. ಅವರು ಬಿಟ್ಟದ್ದು ಮತ್ತೆ ಬಾರದಂತೆ. ನಾವು ಬಿಡಬೇಕಾದದ್ದು ಎರಡು ರಾತ್ರಿಯ ಮಟ್ಟಿಗೆ ಮಾತ್ರ. ಆದರೂ ಅದು ಎಷ್ಟು ಕಷ್ಟ ಎಂಬುದನ್ನು ನಾನು ಕಂಡಿದ್ದೇನೆ.

ಹಸ್ತ ಮಳೆಯ ಆ ರಾತ್ರಿ

2009ರ ದಸರಾ ರಜೆ. ಸೆಪ್ಟೆಂಬರ್ 28ಕ್ಕೆ ವಿಜಯದಶಮಿ. ಬನ್ನಿ ಕೊಡಲೆಂದು ಹಳ್ಳಿಗೆ ಹೋದವನು ಅಲ್ಲೇ ಉಳಿದಿದ್ದೆ. ಮಾರನೆಯ ದಿನದಿಂದ ಮಳೆ ಹಿಡಿಯಿತು, ಹಸ್ತ ಮಳೆ. ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂದು ರೇಡಿಯೊ ಹೇಳುತ್ತಿತ್ತು. ಅದಕ್ಕೆ ಹೆಸರಿಡುವಷ್ಟು ಬಲವೂ ಬಂದಿರಲಿಲ್ಲ ಎಂಬುದನ್ನು ನೆನಪಿಡಿ. ಹೆಸರಿಲ್ಲದ ಆ ಮಳೆಗೆ ಉತ್ತರ ಕರ್ನಾಟಕ ನಲುಗಿಹೋಯಿತು. ಅಕ್ಟೋಬರ್ 2ರಂದು ಕರ್ನೂಲು ಪಟ್ಟಣಕ್ಕೆ ನೀರು ನುಗ್ಗಿತು, ಮಂತ್ರಾಲಯ ಮುಳುಗಿತು. ನಮ್ಮ ರಾಜ್ಯದಲ್ಲೇ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಎಷ್ಟೋ ಜನ ಹೊಳೆಯಲ್ಲಿ ಕೊಚ್ಚಿ ಹೋದವರಲ್ಲ. ತಮ್ಮದೇ ಮನೆಯ ಗೋಡೆ, ಮಾಳಿಗೆ ಬಿದ್ದು ಸತ್ತವರು.

ನಮ್ಮದೂ ಮಾಳಿಗೆ ಮನೆ. ಮಣ್ಣಿನ ಗೋಡೆ, ತೊಲೆ, ಜಂತಿ, ಮೇಲೆ ಗೇಣುದ್ದ ಮೇಲ್ಮುದ್ದೆ. ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಬಡವರ ಏರ್‌ಕಂಡೀಷನ್. ಆದರೆ ಲೆಕ್ಕ ಮಾಡಿ ನೋಡಿ. ಎಂಟು ಮೀಟರ್ ಉದ್ದ, ಐದು ಮೀಟರ್ ಅಗಲದ ಮಾಳಿಗೆಯ ಮೇಲೆ 20 ಸೆಂಟಿಮೀಟರ್ ಮಣ್ಣಿದ್ದರೆ ಅದು ಎಂಟು ಘನ ಮೀಟರ್, ಸುಮಾರು 12 ಟನ್. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. 100 ಮಿ.ಮೀ. ಮಳೆಗೆ ಈ ಮಾಳಿಗೆಯ ಮೇಲೆ ಬೀಳುವುದು 4,000 ಲೀಟರ್. ದೋಣಿಯಿಂದ ಅರ್ಧ ಹರಿದು ಹೋಗಿ ಅರ್ಧ ಮಣ್ಣಿಗೆ ಇಳಿದರೂ ಎರಡು ಟನ್ ಹೆಚ್ಚಿನ ಭಾರ. ಅತ್ತ, ಆ ಭಾರ ಹೊರಬೇಕಾದ ಗೋಡೆ ಬುಡದಿಂದ ನೆನೆದು ಮೆತ್ತಗಾಗುತ್ತಿರುತ್ತದೆ. ಮೇಲೆ ಹೊರೆ ಹೆಚ್ಚುತ್ತದೆ, ಕೆಳಗೆ ಕಾಲು ಸೋಲುತ್ತದೆ.

ಅಕ್ಟೋಬರ್ ಒಂದರ ಸಂಜೆ ಹೊಸ ಹೊಸ ಜಾಗದಲ್ಲಿ ಸೋರತೊಡಗಿತು. ಹಿಂದಿನ ಗೋಡೆ ಮೊಣಕಾಲೆತ್ತರಕ್ಕೆ ಒದ್ದೆಯಾಗಿತ್ತು. ತೊಲೆ ಕೂತಲ್ಲಿಂದ ಮುಷ್ಟಿಯಷ್ಟು ಮಣ್ಣು ಕಳಚಿ ಬಿತ್ತು. "ಅವ್ವ, ಶಾಲಿಗೆ ಹೋಗಿ ಮಲಗೋಣ ಬಾ" ಎಂದೆ.

"ಈ ಮಾಳಿಗಿ ನಿಮ್ಮಪ್ಪ ಹಾಕ್ಸಿದ್ದು. ಇಂಥ ಮಳಿ ಎಷ್ಟು ನೋಡೀನಿ. ನೀ ಹೋಗು, ನಾ ಬರಂಗಿಲ್ಲ" ಎಂದು ಕಂಬಳಿ ಹೊದ್ದು ಮಲಗಿಬಿಟ್ಟಳು.

ರಾತ್ರಿ ಒಂಬತ್ತಕ್ಕೆ ಕರೆಂಟು ಹೋಯಿತು. ಬಿ.ಎಸ್ಸಿ., ಬಿ.ಇಡಿ. ಓದಿದ ಮಗ ಟನ್ನು-ಲೀಟರಿನ ಲೆಕ್ಕ ಹೇಳಿದ್ದಾಯಿತು, ಗದರಿದ್ದಾಯಿತು, ಕೈಮುಗಿದದ್ದಾಯಿತು. ಕೊನೆಗೆ ಅವಳೇ ಕೇಳಿದಳು: "ನಾ ಬಂದ್ರ ಎಮ್ಮಿ?" ನಾನು ಮಾತಾಡದೆ ಹೋಗಿ ಎಮ್ಮೆ ಬಿಚ್ಚಿದೆ. ಎಮ್ಮೆ ಅಂಗಳ ದಾಟಿದ ಮೇಲೆ ಅವ್ವ ಕಂಬಳಿ ಸಮೇತ ಎದ್ದು ಬಂದಳು.

ಶಾಲೆ ಇನ್ನೂರು ಹೆಜ್ಜೆಯೂ ಇಲ್ಲ. ಹೋಗಿ ನೋಡಿದರೆ ಜಗಲಿಯ ಮೇಲೆ ಹತ್ತು-ಹನ್ನೆರಡು ಮನೆಯವರು ಮಕ್ಕಳನ್ನು ಎತ್ತಿಕೊಂಡು ನಿಂತಿದ್ದಾರೆ. ದಸರಾ ರಜೆ, ಕೋಣೆಗಳಿಗೆ ಬೀಗ. ಬೀಗದ ಕೈ ಬೇರೆ ಊರಿನಲ್ಲಿ. ಇರಚಲು ಜಗಲಿಯ ಗೋಡೆಯ ತನಕ ಹೊಡೆಯುತ್ತಿತ್ತು. ಯಾರೋ ಕಲ್ಲು ತಂದು ನನ್ನ ಕೈಗೆ ಕೊಟ್ಟರು. "ಮೇಷ್ಟ್ರೇ, ನೀವೇ ಒಡೀರಿ. ನಾಳಿ ಕೇಳಿದ್ರ ನಿಮಗ ಹೇಳಾಕ ಬರತೈತಿ." ಮೇಷ್ಟ್ರಾಗಿ ಶಾಲೆಯ ಬೀಗ ಒಡೆಯುವುದೆ ಎಂದು ಒಂದು ಗಳಿಗೆ ಕೈ ತಡೆಯಿತು. ಅಷ್ಟರಲ್ಲಿ ಒಂದು ಕೂಸು ಅತ್ತಿತು. ಒಡೆದೆ.

ಬೆಳಗಿನ ಜಾವ ಕತ್ತಲೆಯಲ್ಲಿ ದಬ್ ಎಂದು ಒಂದು ಸದ್ದು. ಯಾರ ಮನೆ ಎಂದು ಯಾರೂ ಕೇಳಲಿಲ್ಲ. ಬೆಳಕಾದ ಮೇಲೆ ಹೋಗಿ ನೋಡಿದರೆ ನಮ್ಮ ಹಿಂದಿನ ಗೋಡೆ ಒಳಗೆ ಮಲಗಿತ್ತು. ಅವ್ವ ಹಾಸಿದ್ದ ಚಾಪೆಯ ಮೇಲೆ ಅರ್ಧ ಮಾಳಿಗೆ. ಅಂದು ಗಾಂಧಿ ಜಯಂತಿ. ನಮ್ಮೂರಿನಲ್ಲಿ ಒಂದು ಜೀವವೂ ಹೋಗಲಿಲ್ಲ. ಮುಂದೆ ಬದುಕಿರುವ ತನಕ ಅವ್ವ ಬಂದವರಿಗೆಲ್ಲ ಹೇಳುತ್ತಿದ್ದಳು: "ಮಗನ ಮಾತಿಗಲ್ಲ, ಎಮ್ಮಿ ಹಿಂದ ಹೋದೆ."

ಬೀಗದ ಕೈ ಯಾರ ಹತ್ತಿರ?

ಒಡಿಶಾದ ಉದಾಹರಣೆ ಎಲ್ಲರೂ ತಿಳಿಯಬೇಕಾದದ್ದು. 1999ರ ಅಕ್ಟೋಬರಿನ ಮಹಾ ಚಂಡಮಾರುತದಲ್ಲಿ ಅಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. 2019ರ ಮೇ 3ರಂದು 'ಫನಿ' ಬಡಿಯುವ ಮೊದಲು ಹನ್ನೆರಡು ಲಕ್ಷ ಜನರನ್ನು ಸ್ಥಳಾಂತರಿಸಿದ್ದರು. ಸಾವು ನೂರರ ಒಳಗೇ ನಿಂತಿತು. ಗಾಳಿಯ ಬಲವನ್ನು ಯಾರೂ ತಗ್ಗಿಸಲಿಲ್ಲ. ಯಾರು ಯಾವಾಗ ಎಲ್ಲಿಗೆ ಹೋಗಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿದ್ದರು.

ಕಡಲತೀರದವರು ಊರು ಬಿಟ್ಟು ಹೋಗಬೇಕು. ನಾವು ಊರು ಬಿಡಬೇಕಿಲ್ಲ, ಮನೆ ಬಿಟ್ಟರೆ ಸಾಕು. ಇನ್ನೂರು ಹೆಜ್ಜೆ ನಡೆದು ಒಂದು ಗಟ್ಟಿ ಕಟ್ಟಡ ಸೇರಿದರೆ ನಮ್ಮ ಸ್ಥಳಾಂತರ ಮುಗಿಯಿತು. ಅದನ್ನು ಬೆಳಕಿರುವಾಗಲೇ ಮಾಡಬೇಕು. ಸೋಮವಾರ ತರಗತಿಗೆ ಹೋಗಿ ಮೊದಲು ಆ ಹುಡುಗಿಯ ಕ್ಷಮೆ ಕೇಳಿ, ಅವಳ ಪ್ರಶ್ನೆಗೆ ಈ ಉತ್ತರ ಕೊಟ್ಟೆ. ಆಮೇಲೆ ಎಲ್ಲರಿಗೂ ಮನೆಗೆಲಸ ಕೊಟ್ಟೆ. ಅದನ್ನೇ ಇಲ್ಲಿನ ವಿದ್ಯಾರ್ಥಿಗಳಿಗೂ ಪಾಲಕರಿಗೂ ಕೊಡುತ್ತಿದ್ದೇನೆ.

ನಿಮ್ಮ ಓಣಿಯ ನಕ್ಷೆ ಬರೆಯಿರಿ. ಮಾಳಿಗೆ ಮನೆಗಳಿಗೆ ಒಂದು ಬಣ್ಣ, ಹಳ್ಳದ ದಂಡೆಯ ತಗ್ಗಿನ ಮನೆಗಳಿಗೆ ಇನ್ನೊಂದು. ಮುದುಕರು, ಬಸುರಿ-ಬಾಣಂತಿಯರು, ನಡೆಯಲಾರದವರು ಇರುವ ಮನೆಗೆ ಗುರುತು ಹಾಕಿ. ಗುಳೆ ಹೋದವರ ಮನೆಯ ಮಕ್ಕಳನ್ನು ಮರೆಯಬೇಡಿ. ಒಬ್ಬೊಬ್ಬರ ಹೆಸರಿನ ಮುಂದೆ ಅವರನ್ನು ಕರೆತರುವ ಒಬ್ಬರ ಹೆಸರಿರಲಿ. ದನ, ಆಡು ಎಲ್ಲಿ ಕಟ್ಟುವುದು ಎಂದೂ ಬರೆಯಿರಿ. ಎಮ್ಮೆಗೆ ಜಾಗವಿಲ್ಲದ ಯೋಜನೆಯನ್ನು ನಮ್ಮವ್ವನಂಥವರು ಒಪ್ಪುವುದಿಲ್ಲ.

ನೇರ ಗೋಡೆಯ ಒಂದು ಡಬ್ಬಿಯನ್ನು ಬಯಲಿನಲ್ಲಿಟ್ಟು ಸ್ಕೇಲಿನಿಂದ ಮಳೆ ಅಳೆಯಿರಿ. ಜಡಿಮಳೆ ಎರಡನೆಯ ದಿನವೂ ಬಿಡದಿದ್ದರೆ, ಗೋಡೆಯ ಬುಡ ನೆನೆದಿದ್ದರೆ, ಮಣ್ಣು ಉದುರಿದರೆ, ಬಾಗಿಲು ಇದ್ದಕ್ಕಿದ್ದಂತೆ ಚೌಕಟ್ಟಿಗೆ ಬಿಗಿಯಾದರೆ ಅಂದು ರಾತ್ರಿ ಆ ಮನೆಯಲ್ಲಿ ಮಲಗಬೇಡಿ. ಮಳೆ ನಿಂತು ಬಿಸಿಲು ಬಂದ ಕೂಡಲೆ ಒಳಗೆ ಓಡಬೇಡಿ. ನೆನೆದ ಗೋಡೆ ಆರುವಾಗಲೂ ಬೀಳುತ್ತದೆ. ರೇಷನ್ ಕಾರ್ಡು, ಆಧಾರ್, ಅಂಕಪಟ್ಟಿ, ಔಷಧಿ, ಒಂದು ಟಾರ್ಚು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಾಗಿಲ ಹತ್ತಿರದ ಗೂಟಕ್ಕೆ ತೂಗುಹಾಕಿರಿ.

ಕೊನೆಯದಾಗಿ ಪಾಲಕರಿಗೆ ಒಂದು ಮಾತು. ಮುಂದಿನ ಸಲ ಶಾಲೆಯ ಸಭೆಗೆ ಬಂದಾಗ ಮಕ್ಕಳ ಅಂಕಗಳ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿ: "ರಜೆಯಲ್ಲಿ, ರಾತ್ರಿಯಲ್ಲಿ, ಶಾಲೆಯ ಬೀಗದ ಕೈ ನಮ್ಮೂರಿನಲ್ಲಿ ಯಾರ ಹತ್ತಿರ ಇರುತ್ತದೆ?" ಒಂದು ಕೀಲಿಯನ್ನು ಊರಿನ ಇಬ್ಬರು ನಂಬಿಗಸ್ತರ ಮನೆಯಲ್ಲಿಡಲು ಯಾವ ಅನುದಾನವೂ ಬೇಕಿಲ್ಲ. ಹಸ್ತ ಮಳೆ ಹುಟ್ಟುವ ಮೊದಲೇ ಅದು ಆಗಲಿ.

ಆ ಹುಡುಗಿ ತನ್ನ ನಕ್ಷೆಯನ್ನು ಎರಡು ದಿನ ತಡವಾಗಿ ತಂದಳು. ಯಾಕೆ ತಡ ಎಂದು ಕೇಳಿದೆ. "ನಮ್ಮಜ್ಜಿ ಒಪ್ಪಿರ್ಲಿಲ್ಲ ಸಾರ್. ಕೋಳಿಗೂ ಜಾಗ ಬರದ ಮ್ಯಾಲೆ ಒಪ್ಪಿದ್ಲು."

ನಕ್ಷೆಯ ಮೂಲೆಯಲ್ಲಿ ಶಾಲೆಯ ಪಕ್ಕ ಒಂದು ಬುಟ್ಟಿಯ ಚಿತ್ರವಿತ್ತು. ಹತ್ತಕ್ಕೆ ಹತ್ತು ಕೊಟ್ಟೆ.